ತಲೆಯ ಪೆಟ್ಟೂ ಕೈಯ ಮೊಬೈಲೂ

ತಲೆಗೆ ಪೆಟ್ಟು ಬಿದ್ದವರು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಮನೆಮಂದಿಯೆಲ್ಲ ಗಂಡಾಂತರ ಕಳೆಯಿತೆಂದು ನಿಟ್ಟುಸಿರು ಬಿಡುವುದು ಸಹಜ. ದೇವರ ಮುಂದೆ ತುಪ್ಪದ ದೀಪ ಬೆಳಗುತ್ತದೆ. ನೋಡಲು ಬಂದ ನೆಂಟರಿಷ್ಟರಿಗೆ ಕಾಫಿಯಾಗುತ್ತದೆ. "ಸ್ಕ್ಯಾನಿನಲ್ಲಿ ಏನೂ ಇಲ್ಲವಂತೆ, ಎಲ್ಲ ನಾರ್ಮಲ್ ಅಂತೆ" ಎಂಬ ಮಾತು ಬಾಯಿಂದ ಬಾಯಿಗೆ ಹೋಗುತ್ತದೆ. ವಾರವೊಂದು ಕಳೆಯುವಷ್ಟರಲ್ಲಿ ಮನೆಯ ಹವೆ ಬದಲಾಗುತ್ತದೆ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆ ತಲೆ ಹಿಡಿದುಕೊಂಡು ಕೂರುತ್ತಾರೆ. ಮಾತಿಗೊಮ್ಮೆ ಸಿಡುಕುತ್ತಾರೆ. ಅಂಗಡಿಗೆ ಹೋದವರು ಏನು ತರಬೇಕೆಂಬುದನ್ನೇ ಮರೆತು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಆಗ ಮನೆಯವರ ಬಾಯಲ್ಲಿ ಬೇರೆಯೇ ಮಾತು ಬರುತ್ತದೆ: "ಸ್ಕ್ಯಾನ್ ಸರಿಯಾಗಿದೆ ಅಂದಮೇಲೆ ಇದೇನು ಸೋಗು?"

ಕೈ ಮುರಿದವನ ಕೈಗೆ ಕಟ್ಟು ಇರುತ್ತದೆ. ಕಂಡವರು ಕನಿಕರಪಡುತ್ತಾರೆ, ಬಸ್ಸಿನಲ್ಲಿ ಜಾಗ ಬಿಡುತ್ತಾರೆ. ಮೆದುಳಿಗೆ ಪೆಟ್ಟು ಬಿದ್ದವನಿಗೆ ಅಂಥ ಗುರುತೊಂದೂ ಇಲ್ಲ. ಹಣೆಯ ಮೇಲಿನ ಹೊಲಿಗೆ ಮಾಯುವುದರೊಡನೆ ಜನರ ಕನಿಕರವೂ ಮಾಯುತ್ತದೆ. ಈ ಅಡಗಿದ ಪೆಟ್ಟನ್ನು ಮನೆಯಲ್ಲಿಯೇ ದಿನದಿನವೂ ಗಮನಿಸಿ, ಎಲ್ಲರ ಕೈಯಲ್ಲಿರುವ ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳುವ ಬಗೆಯನ್ನು ಕುರಿತು ನಿಮ್ಮೊಡನೆ ನಾಲ್ಕು ಮಾತನಾಡಬೇಕೆಂದಿದ್ದೇನೆ.

ಮೊದಲು ಒಳಗೆ ಏನಾಗಿರುತ್ತದೆಂಬುದನ್ನು ನೋಡೋಣ. ಬೆಳೆದ ಮನುಷ್ಯನ ಮೆದುಳಿನ ತೂಕ ಹೆಚ್ಚು ಕಡಿಮೆ 1,300ರಿಂದ 1,400 ಗ್ರಾಂ. ಗಟ್ಟಿ ಮೊಸರಿಗಿಂತ ತುಸು ಬಿಗಿಯಾದ, ಬಹಳ ಮೃದುವಾದ ವಸ್ತು. ತಲೆಬುರುಡೆಯೊಳಗಿನ ತಿಳಿನೀರಿನಂಥ ದ್ರವದಲ್ಲಿ ಅದು ತೇಲಿಕೊಂಡಿರುತ್ತದೆ. ಓಡುತ್ತಿದ್ದ ಸ್ಕೂಟರು ಮುಗ್ಗರಿಸಿ ತಲೆ ನೆಲಕ್ಕೆ ಬಡಿದಾಗ ಬುರುಡೆ ತಟ್ಟನೆ ನಿಲ್ಲುತ್ತದೆ. ಒಳಗಿನದು ಮಾತ್ರ ಕೊಡದೊಳಗಿನ ನೀರಿನಂತೆ ತುಳುಕಿ ತಿರುಚಿಕೊಳ್ಳುತ್ತದೆ. ಆ ತಿರುಚುವಿಕೆಯಲ್ಲಿ ನವಿರಾದ ನರತಂತುಗಳು ಹಿಗ್ಗಿಹೋಗುತ್ತವೆ. ಸಾಮಾನ್ಯವಾಗಿ ತೆಗೆಸುವ ಸಿ.ಟಿ. ಸ್ಕ್ಯಾನಿಗೆ ರಕ್ತಸ್ರಾವ ಕಾಣುತ್ತದೆ, ಎಲುಬಿನ ಬಿರುಕು ಕಾಣುತ್ತದೆ. ಈ ತಂತುಗಳ ನೋವು ಕಾಣುವುದಿಲ್ಲ. ಆದಕಾರಣ "ನಾರ್ಮಲ್" ಎಂಬ ಮಾತಿಗೆ, ತಲೆ ತೆರೆದು ಶಸ್ತ್ರಚಿಕಿತ್ಸೆ ಮಾಡಬೇಕಾದಂಥದೇನೂ ಕಾಣಲಿಲ್ಲ ಎಂದು ಅರ್ಥ. ಏನೂ ಆಗಿಲ್ಲ ಎಂದು ಅರ್ಥವಲ್ಲ.

ಪೆಟ್ಟಿನ ಗುರುತ್ವವನ್ನು ಅಳೆಯಲು ಲೋಕದ ವೈದ್ಯರೆಲ್ಲ ಇಂದು ಬಳಸುವ ಅಳತೆಗೋಲನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಎಂಬಿಬ್ಬರು 1974ರಲ್ಲಿ ಪ್ರಕಟಿಸಿದರು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15 ಅಂಕ. ತೀರ ಕಡಿಮೆಯೆಂದರೆ 3. ಹದಿಮೂರರಿಂದ ಹದಿನೈದು ಬಂದವರದು "ಸೌಮ್ಯ" ಪೆಟ್ಟು. ಭಾಷೆಯನ್ನು ಪಾಠ ಹೇಳುವವನಾಗಿ ನನಗೆ ಈ ವಿಶೇಷಣದ ಮೇಲೆ ತುಸು ತಕರಾರುಂಟು. ಅದು ಆಸ್ಪತ್ರೆಯ ಕೋಷ್ಟಕಕ್ಕೆ ಒಪ್ಪುವ ಮಾತು. ಪ್ರಾಣಕ್ಕೆ ಅಪಾಯ ಕಡಿಮೆ ಎಂದು ವೈದ್ಯರು ಹೇಳಿದ್ದನ್ನು, ತೊಂದರೆಯೂ ಕಡಿಮೆ ಎಂದು ನಾವು ಕೇಳಿಸಿಕೊಳ್ಳುತ್ತೇವೆ. ಸೌಮ್ಯ ಪೆಟ್ಟು ಬಿದ್ದವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ಮೊದಲಿನಂತಾಗುತ್ತಾರೆಂಬುದು ಸಂತೋಷದ ಸಂಗತಿಯೇ. ಆದರೆ ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ತಾನು ಯಾವ ಗುಂಪಿನವನೆಂಬುದು ಮೊದಲ ದಿನ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ವೈದ್ಯರ ಬಳಿಗೆ ಎರಡನೆಯ ಸಲ ಹೋಗುವ ದಿನವನ್ನು ನೆನೆದುಕೊಳ್ಳಿ. ಬೆಳಗಿನ ಜಾವದ ಬಸ್ಸು ಹಿಡಿದು, ಚೀಟಿ ಮಾಡಿಸಿ, ಸಾಲಿನಲ್ಲಿ ಕುಳಿತು, ಕೊನೆಗೆ ದೊರೆಯುವುದು ಹತ್ತು ನಿಮಿಷ. "ಹೇಗಿದೀರಿ?" ಎಂದು ಡಾಕ್ಟರು ಕೇಳುತ್ತಾರೆ. ನಮ್ಮವರು ಹೇಳುವುದೇನು? "ಏನೋ ಒಂಥರಾ ಆಗುತ್ತೆ ಡಾಕ್ಟ್ರೇ." ಈ "ಒಂಥರಾ" ಎಂಬ ಶಬ್ದಕ್ಕೆ ಯಾವ ನಿಘಂಟಿನಲ್ಲಿ ಅರ್ಥ ಹುಡುಕಬೇಕು? ಹೇಳುವವನಿಗೆ ಅದರಲ್ಲಿ ಎಲ್ಲವೂ ಅಡಗಿದೆ. ಕೇಳುವವರಿಗೆ ಏನೂ ಇಲ್ಲ.

ನಮ್ಮ ಭಾಷೆಯಲ್ಲಿ ಶಬ್ದಗಳಿಗೆ ಬಡತನವಿಲ್ಲ. ಬಳಸುವುದರಲ್ಲಿ ನಮಗೆ ಸೋಮಾರಿತನ. "ತಲೆ ಸುತ್ತುತ್ತದೆ" ಎನ್ನುತ್ತೇವೆ. ಮನೆಯ ಗೋಡೆ, ಜಂತೆ ಎಲ್ಲ ಸುತ್ತ ತಿರುಗಿದಂತೆ ಕಾಣುವುದೂ ತಲೆಸುತ್ತೇ. ಕುಳಿತವನು ಎದ್ದ ಕೂಡಲೇ ಕಣ್ಣು ಕತ್ತಲಿಟ್ಟು ಬೀಳುವಂತಾಗುವುದೂ ತಲೆಸುತ್ತೇ. ನಡೆಯುವಾಗ ಹೆಜ್ಜೆ ಒಂದು ಮಗ್ಗುಲಿಗೆ ಎಳೆಯುವುದೂ ತಲೆಸುತ್ತೇ. ವೈದ್ಯರ ಪಾಲಿಗೆ ಇವು ಬೇರೆ ಬೇರೆ ದಾರಿ ತೋರಿಸುವ ಕೈಮರಗಳು. ಮೊದಲನೆಯದು ಒಳಕಿವಿಯಲ್ಲಿರುವ ಸಮತೋಲದ ಅಂಗದತ್ತ ಬೆರಳು ಮಾಡಬಹುದು, ಎರಡನೆಯದು ರಕ್ತದ ಒತ್ತಡದತ್ತ, ಮೂರನೆಯದು ಮೆದುಳಿನತ್ತ. ಹಾಗೆಯೇ ತಲೆನೋವು. ಸಿಡಿಯುವುದುಂಟು, ಮಿಡಿಯುವುದುಂಟು, ಪಟ್ಟಿ ಕಟ್ಟಿದಂತೆ ಬಿಗಿಯುವುದುಂಟು, ಅರೆತಲೆಯಷ್ಟೇ ನೋಯುವುದುಂಟು. ಮರವೆಯಲ್ಲಿಯೂ ಎರಡು ಬಗೆ: ಕೇಳಿದ್ದು ಮರೆತುಹೋಗುವುದು ಒಂದು, ಗಮನವಿಲ್ಲದೆ ಕೇಳಿಸಿಕೊಳ್ಳದೇ ಹೋಗುವುದು ಇನ್ನೊಂದು. ನಮ್ಮ ಅಜ್ಜಿಯರಿಗೆ ಈ ಭೇದಗಳೆಲ್ಲ ಬಾಯಿಗೆ ಬರುತ್ತಿದ್ದವು.

ಎರಡನೆಯ ತೊಡಕು ಇನ್ನೂ ದೊಡ್ಡದು. ಕಳೆದ ಹದಿನೈದು ದಿನ ಹೇಗಿತ್ತು ಎಂದು ಕೇಳಿದಾಗ ಉತ್ತರ ಹೇಳಬೇಕಾದದ್ದು ಯಾವುದು? ನೆನಪು. ಪೆಟ್ಟು ತಿಂದಿರುವುದು ಯಾವುದು? ನೆನಪಿಗೆ ಆಶ್ರಯವಾದ ಮೆದುಳೇ. ಸಾಕ್ಷಿಯೇ ಗಾಯಗೊಂಡು ಮಲಗಿರುವ ಮೊಕದ್ದಮೆ ಇದು. ಗಟ್ಟಿಮುಟ್ಟಾದವರ ನೆನಪೂ ಈ ವಿಷಯದಲ್ಲಿ ನಂಬತಕ್ಕದ್ದಲ್ಲ. ನೋವು ಅತಿಯಾದ ಗಳಿಗೆ, ಕೊನೆಯ ಗಳಿಗೆ, ಇವೆರಡನ್ನು ಹಿಡಿದುಕೊಂಡು ನಡುವಿನದೆಲ್ಲವನ್ನೂ ಅದು ಬಿಟ್ಟುಬಿಡುತ್ತದೆ. ನಿನ್ನೆ ರಾತ್ರಿ ಚೆನ್ನಾಗಿ ನಿದ್ರೆ ಬಂದಿದ್ದರೆ "ಪರವಾಗಿಲ್ಲ ಡಾಕ್ಟ್ರೇ" ಎಂದು ಹೇಳಿ ಬರುತ್ತೇವೆ. ಮನೆ ತಲಪಿದ ಮೇಲೆ, ಅಯ್ಯೋ ಅದನ್ನು ಹೇಳಲಿಲ್ಲವಲ್ಲ ಎಂದು ಕೈ ಹಿಸುಕಿಕೊಳ್ಳುತ್ತೇವೆ.

ಇದಕ್ಕೆ ವೈದ್ಯಶಾಸ್ತ್ರದವರು ಪ್ರಶ್ನಾವಳಿಗಳನ್ನು ಮಾಡಿದ್ದಾರೆ. ಇಂಗ್ಲೆಂಡಿನ ಆಕ್ಸ್‌ಫರ್ಡಿನ ರಿವರ್‌ಮೀಡ್ ಕೇಂದ್ರದ ಹೆಸರಿನಲ್ಲಿ 1995ರಲ್ಲಿ ಬಂದ ಪ್ರಶ್ನಾವಳಿ ಹೆಸರಾದದ್ದು. ಅದರಲ್ಲಿ 16 ಲಕ್ಷಣಗಳಿವೆ: ತಲೆನೋವು, ತಲೆಸುತ್ತು, ಓಕರಿಕೆ, ಸದ್ದು ಸಹಿಸದಿರುವುದು, ಬೆಳಕು ಸಹಿಸದಿರುವುದು, ನಿದ್ರೆಯ ಏರುಪೇರು, ಬೇಗ ದಣಿಯುವುದು, ಸಿಡುಕು, ಅಳು, ಮರವೆ ಮೊದಲಾದುವು. ಕಳೆದ 24 ಗಂಟೆಗಳಲ್ಲಿ ಪ್ರತಿಯೊಂದೂ ಎಷ್ಟಿತ್ತು ಎಂಬುದನ್ನು ಪೆಟ್ಟಿಗೆ ಮುಂಚೆ ಇದ್ದ ಸ್ಥಿತಿಯೊಡನೆ ಹೋಲಿಸಿ, ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡಬೇಕು. ಇಲ್ಲವೇ ಇಲ್ಲವೆಂದರೆ 0, ಮೊದಲಿದ್ದಷ್ಟೇ ಇದೆಯೆಂದರೆ 1, ಸ್ವಲ್ಪ ಹೆಚ್ಚು 2, ಸಾಕಷ್ಟು 3, ವಿಪರೀತ 4. ಮೇಷ್ಟರುಗಳಿಗೆ ಇದು ಬಹಳ ಹಿಡಿಸುವ ಪದ್ಧತಿಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ!

ಈಗ ಮೊಬೈಲಿನ ವಿಚಾರ. ಮಾರ್ಟಿನ್ ಕೂಪರ್ ಎಂಬ ಇಂಜಿನಿಯರು ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಕೈಯಲ್ಲಿ ಹಿಡಿದ ಫೋನಿನಿಂದ ಮೊದಲ ಕರೆ ಮಾಡಿದ್ದು 1973ರ ಏಪ್ರಿಲ್ 3ರಂದು. ಗ್ಲಾಸ್ಗೋ ಅಳತೆಗೋಲು ಬಂದದ್ದು ಅದರ ಮರುವರ್ಷ. ಒಂದು ವರ್ಷದ ಅಂತರದಲ್ಲಿ ಹುಟ್ಟಿದ ಇವೆರಡೂ ಒಂದು ದಿನ ಒಂದೇ ಮನೆಯ ಮೇಜಿನ ಮೇಲೆ ಕೂಡುವುವೆಂದು ಅಂದು ಯಾರೂ ಎಣಿಸಿರಲಾರರು. ಕನ್ನಡದಲ್ಲಿ ಇದಕ್ಕೆ "ಜಂಗಮವಾಣಿ" ಎಂಬ ಸೊಗಸಾದ ಹೆಸರನ್ನು ಟಂಕಿಸಿದರು. 1935ರಲ್ಲಿ ಮೈಸೂರಿನಲ್ಲಿ ಆರಂಭವಾದ ಬಾನುಲಿಯ "ಆಕಾಶವಾಣಿ" ಎಂಬ ಹೆಸರು ದೇಶವೆಲ್ಲ ಹಬ್ಬಿದಂತೆ ಈ ಹೆಸರು ಹಬ್ಬಲಿಲ್ಲ. ಜನ ಮೊಬೈಲ್ ಎಂದೇ ಕರೆದರು. ಇರಲಿ, ಹೆಸರೇನಾದರೂ ಆಗಲಿ, ಕೆಲಸ ಮುಖ್ಯ.

ನೀವು ಮಾಡಬೇಕಾದದ್ದಿಷ್ಟೆ. ಹದಿನಾರರ ಪಟ್ಟಿಯಿಂದ ನಿಮ್ಮ ರೋಗಿಯನ್ನು ನಿಜವಾಗಿ ಕಾಡುವ ನಾಲ್ಕೈದನ್ನು ಮಾತ್ರ ಆರಿಸಿಕೊಳ್ಳಿ. ಹದಿನಾರನ್ನೂ ದಿನಾಲೂ ಬರೆಯಹೊರಟ ಮನೆಗಳು ಮೂರನೆಯ ದಿನಕ್ಕೆ ಕೈಬಿಡುತ್ತವೆ. ಬೆಳಿಗ್ಗೆ 9ಕ್ಕೆ, ಸಂಜೆ 7ಕ್ಕೆ ಎಂದು ಮೊಬೈಲಿನಲ್ಲಿ ಅಲಾರಂ ಇಡಿ. ಅದು ಕೂಗಿದಾಗ ಆ ನಾಲ್ಕೈದಕ್ಕೆ ಅಂಕ ಹಾಕಿ. ರಾತ್ರಿ ಎಷ್ಟು ಗಂಟೆ ನಿದ್ರೆಯಾಯಿತು, ಮಾತ್ರೆ ತೆಗೆದುಕೊಂಡದ್ದಾಯಿತೇ, ನೋವು ಹೆಚ್ಚಾದಾಗ ಏನು ಮಾಡುತ್ತಿದ್ದರು, ಇವನ್ನು ಒಂದು ಸಾಲಿನಲ್ಲಿ ಸೇರಿಸಿ. ಮುಗಿಯಿತು, ಎರಡು ನಿಮಿಷದ ಕೆಲಸ. ಇದಕ್ಕೆಂದೇ ಮಾಡಿದ ಆ್ಯಪುಗಳಿವೆ. ಅವು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಕೆಲವು ಒಳ್ಳೆಯವು, ಕೆಲವು ಜಾಹೀರಾತಿನ ಸಂತೆ. ಟಿಪ್ಪಣಿ ಬರೆಯಲು ಮೊಬೈಲಿನಲ್ಲಿ ಮೊದಲೇ ಇರುವ ಜಾಗವೇ ಧಾರಾಳವಾಗಿ ಸಾಕು. ಅಲ್ಲಿ ನಿಮ್ಮ ಮನೆಯ ಮಾತಿನಲ್ಲಿಯೇ ಬರೆಯಬಹುದು. "ಸಿಡಿತ 3" ಎಂದು ಬರೆದುದನ್ನು ನಿಮ್ಮ ಡಾಕ್ಟರು ಅರ್ಥಮಾಡಿಕೊಳ್ಳುತ್ತಾರೆ.

ಬರೆಯಲಾಗದವರಿಗೆ ಧ್ವನಿಮುದ್ರಣವಿದೆ. ದಿನಾಂಕ ಹೇಳಿ, ಅರ್ಧ ನಿಮಿಷ ಮಾತನಾಡಿದರಾಯಿತು. ಇದರಿಂದ ಮತ್ತೊಂದು ಲಾಭವೂ ಉಂಟು: ಮೊದಲ ವಾರದ ಮಾತನ್ನೂ ನಾಲ್ಕನೆಯ ವಾರದ ಮಾತನ್ನೂ ಒಟ್ಟಿಗೆ ಕೇಳಿದರೆ, ಮಾತು ಚುರುಕಾಗಿದೆಯೋ ತೊದಲುತ್ತಿದೆಯೋ ಕಿವಿಗೇ ತಿಳಿಯುತ್ತದೆ. ಮೊಬೈಲು ತಾನಾಗಿ ಎಣಿಸುವ ಹೆಜ್ಜೆಗಳ ಲೆಕ್ಕವೂ ದಣಿವಿನ ಸುಳಿವು ಕೊಡುತ್ತದೆ. ಆಸ್ಪತ್ರೆಯ ಬಿಡುಗಡೆ ಚೀಟಿ, ಮಾತ್ರೆಯ ಹೆಸರು, ಇವುಗಳ ಚಿತ್ರ ತೆಗೆದಿಡಿ. ಅಕಸ್ಮಾತ್ ಫಿಟ್ಸ್ ಬಂದರೆ ಒಬ್ಬರು ರೋಗಿಯನ್ನು ಮಗ್ಗುಲಿಗೆ ಮಲಗಿಸಿ ನೋಡಿಕೊಳ್ಳುತ್ತಿರುವಾಗ ಇನ್ನೊಬ್ಬರು ವೀಡಿಯೋ ತೆಗೆದರೆ, ಆ ಅರ್ಧ ನಿಮಿಷದ ಚಿತ್ರ ವೈದ್ಯರಿಗೆ ಅರ್ಧ ಗಂಟೆಯ ವರ್ಣನೆಗಿಂತ ಹೆಚ್ಚು.

ಎಲ್ಲಕ್ಕಿಂತ ಮುಖ್ಯವಾದದ್ದು, ಲೆಕ್ಕ ಇಬ್ಬರದೂ ಇರಬೇಕು. ಪೆಟ್ಟು ಬಿದ್ದ ಮೆದುಳಿಗೆ ಕೆಲವು ಸಲ ತನ್ನ ಬದಲಾವಣೆ ತನಗೇ ಗೊತ್ತಾಗುವುದಿಲ್ಲ. "ನನಗೇನಾಗಿದೆ? ಚೆನ್ನಾಗಿದ್ದೇನೆ" ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ, ಅವರಿಗೆ ಹಾಗೆಯೇ ತೋರುತ್ತಿರುತ್ತದೆ. ಆದ್ದರಿಂದ ಮನೆಯವರೊಬ್ಬರು ಬೇರೆಯಾಗಿ, ರೋಗಿಯ ಅಂಕಗಳನ್ನು ನೋಡದೆ, ತಮ್ಮ ಅಂಕಗಳನ್ನು ಬರೆಯಬೇಕು. ಎರಡೂ ಹೊಂದಿದರೆ ಒಳ್ಳೆಯದು. ಹೊಂದದಿದ್ದರೆ ಆ ಅಂತರವೇ ವೈದ್ಯರಿಗೆ ಬೇಕಾದ ಸುದ್ದಿ.

ನಮ್ಮ ಬೀದಿಯಲ್ಲಿ ಸಹಕಾರ ಸಂಘವೊಂದರ ಗುಮಾಸ್ತರಿದ್ದಾರೆ. ಸ್ಕೂಟರಿನಿಂದ ಬಿದ್ದು, ಎರಡು ದಿನ ಆಸ್ಪತ್ರೆಯಲ್ಲಿದ್ದು ಬಂದರು. ಸಾಧುಪ್ರಾಣಿಯೆಂದು ಹೆಸರಾದವರು ತಟ್ಟೆ ಎಸೆಯುವಷ್ಟು ಕೋಪಿಷ್ಠರಾದರು. "ಆ ಏಟಿನಲ್ಲಿ ನನ್ನ ಮಗನ ಬುದ್ಧಿಯೇ ಹೋಯಿತಮ್ಮಾ" ಎಂದು ವೃದ್ಧತಾಯಿ ಸೊಸೆಯ ಮುಂದೆ ಕಣ್ಣೀರಿಡುತ್ತಿದ್ದರು. ಸೊಸೆ ತವರಿಗೆ ಹೋಗುವ ಮಾತೂ ಒಂದೆರಡು ಸಲ ಬಂದಿತ್ತೆಂದು ಕೇಳಿದ್ದೇನೆ. ಪಿ.ಯು.ಸಿ. ಓದುವ ಮಗಳು ಅಲಾರಂ ಇಟ್ಟಳು. ದಿನಕ್ಕೆರಡು ಬಾರಿ "ಅಪ್ಪಾ, ತಲೆನೋವಿಗೆ ಎಷ್ಟು? ನಿದ್ದೆಗೆ ಎಷ್ಟು?" ಎಂದು ಕೇಳುವಳು. ಜೀವಮಾನವೆಲ್ಲ ಲೆಕ್ಕಪತ್ರ ಬರೆದ ಮನುಷ್ಯ, ಉಪಚಾರದ ಮಾತಿಗೆ ಸಿಡುಕುತ್ತಿದ್ದವರು ಅಂಕಕ್ಕೆ ಮಾತ್ರ ಸಾವಧಾನವಾಗಿ ಉತ್ತರ ಕೊಟ್ಟರು: "ಮೂರು ಹಾಕಮ್ಮ." ತಾಯಿ ಅತ್ತ ತನ್ನ ಮೊಬೈಲಿನಲ್ಲಿ, ಯಜಮಾನರು ರೇಗಿದ ಹೊತ್ತನ್ನು ಮಾತ್ರ ಗುರುತು ಹಾಕುತ್ತ ಬಂದರು.

ಹದಿನಾಲ್ಕು ದಿನದ ಲೆಕ್ಕ ಒಟ್ಟುಗೂಡಿಸಿದಾಗ ಕಂಡದ್ದೇನು? ರೇಗಾಟವೆಲ್ಲ ಹೆಚ್ಚು ಕಡಿಮೆ ಸಂಜೆ ಆರೂವರೆಯಿಂದ ಎಂಟೂವರೆಯ ಒಳಗೆ. ಕುಕ್ಕರು ಕೂಗುವ, ಟಿ.ವಿ.ಯಲ್ಲಿ ಧಾರಾವಾಹಿ ನಡೆಯುವ, ಪಕ್ಕದ ಕೋಣೆಯಲ್ಲಿ ಮಕ್ಕಳು ಗಟ್ಟಿಯಾಗಿ ಪಾಠ ಒಪ್ಪಿಸುವ ಹೊತ್ತು ಅದು. ಅದರಲ್ಲಿಯೂ ಕಚೇರಿಯಲ್ಲಿ ಬಿಡುವಿಲ್ಲದೆ ಕಂಪ್ಯೂಟರಿನ ಮುಂದೆ ಕೂತ ದಿನಗಳಲ್ಲಿ ತಲೆನೋವು 3, 4. ಭಾನುವಾರ 1. ಬುದ್ಧಿ ಹೋಗಿರಲಿಲ್ಲ, ದಣಿದ ಮೆದುಳು ಸದ್ದನ್ನು ತಡೆಯಲಾರದೆ ಹೋಗುತ್ತಿತ್ತು. ಆ ಒಂದು ಪುಟವನ್ನು ನೋಡಿ ವೈದ್ಯರು ಕೆಲವು ದಿನ ಅರ್ಧ ಹೊತ್ತಿನ ಕೆಲಸ, ನಡುನಡುವೆ ವಿಶ್ರಾಂತಿ, ಸಂಜೆ ಒಂದು ಗಂಟೆಯ ಮೌನ, ಇವನ್ನು ಹೇಳಿಕಳುಹಿಸಿದರು. ಧಾರಾವಾಹಿಯ ಸದ್ದು ತಗ್ಗಿತು. ತಿಂಗಳು ಕಳೆಯುವಾಗ ಅಂಕಗಳೂ ತಗ್ಗಿದವು. ಗುಣವಾದದ್ದು ಮೊಬೈಲಿನಿಂದಲ್ಲ, ಕಾಲದಿಂದ ಮತ್ತು ಆರೈಕೆಯಿಂದ. ಆದರೆ ಒಬ್ಬ ಮನುಷ್ಯನನ್ನು ಕೆಟ್ಟವನೆಂದು ತಿಳಿಯುವ ಬದಲು ನೊಂದವನೆಂದು ತಿಳಿಯಲು ಆ ಮನೆಗೆ ಇಪ್ಪತ್ತೆಂಟು ಸಾಲುಗಳು ಸಾಕಾದವು.

ಮೊಬೈಲನ್ನು ಇಷ್ಟು ಹೊಗಳಿದ ಮೇಲೆ ಅದರ ವಿಷವನ್ನೂ ಹೇಳಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯರು 2021ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ತಲೆಗೆ ಇಂಥ ಪೆಟ್ಟು ಬಿದ್ದ, 12ರಿಂದ 25 ವಯಸ್ಸಿನ 125 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಮೊದಲ 48 ಗಂಟೆ ಮೊಬೈಲು, ಟಿ.ವಿ., ಕಂಪ್ಯೂಟರುಗಳ ಪರದೆ ನೋಡಬಾರದೆಂದು ಹೇಳಿದರು. ಇನ್ನೊಂದು ಪಾಲಿನವರಿಗೆ ಅಡ್ಡಿಯಿಲ್ಲ. ಪರದೆ ಬಿಟ್ಟವರಲ್ಲಿ ಅರ್ಧದಷ್ಟು ಮಂದಿ ಮೂರೂವರೆ ದಿನದೊಳಗೆ ಚೇತರಿಸಿಕೊಂಡರು. ಬಿಡದವರಲ್ಲಿ ಅರ್ಧದಷ್ಟು ಮಂದಿ ಚೇತರಿಸಿಕೊಳ್ಳಲು ಎಂಟು ದಿನ ಹಿಡಿಯಿತು. ಆದಕಾರಣ ಮೊದಲ ಎರಡು ದಿನ ಮೊಬೈಲು ರೋಗಿಯ ಕೈಯಲ್ಲಿರಕೂಡದು; ಕೇಳುವವರು ಕೇಳಲಿ, ಬರೆಯುವವರು ಬರೆಯಲಿ. ಆಮೇಲೂ ಪರದೆಯ ಬೆಳಕು ತಗ್ಗಿಸಿ, ಅಕ್ಷರ ದೊಡ್ಡದು ಮಾಡಿ ಕೊಡಿ. ಹಾಗೆಂದು ವಾರಗಟ್ಟಲೆ ಕತ್ತಲೆಕೋಣೆಯಲ್ಲಿ ಮಲಗಿಸುವುದೂ ಸಲ್ಲದು. ಸೌಮ್ಯ ಪೆಟ್ಟಿಗೆ ಒಂದೆರಡು ದಿನದ ವಿಶ್ರಾಂತಿಯ ನಂತರ ನೋವು ಹೆಚ್ಚಾಗದಷ್ಟು ಮೆಲ್ಲನೆ ನಡೆದಾಡಿಸಬೇಕೆಂಬುದು ಈಗಿನ ವೈದ್ಯರ ಅಭಿಮತ.

ಇನ್ನೊಂದು ಅಪಾಯವೂ ಉಂಟು. ಗಳಿಗೆಗೊಮ್ಮೆ "ನೋಯುತ್ತಿದೆಯೇ?" ಎಂದು ಕೇಳಿದರೆ ಇಲ್ಲದ ನೋವೂ ತಲೆಯೆತ್ತುತ್ತದೆ. ದಿನಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಡ. ಅಂಕಗಳು ಇಳಿಯುತ್ತ ಬಂದಂತೆ ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ, ಕೊನೆಗೆ ಅಲಾರಂ ತೆಗೆದುಹಾಕಿ. ಈ ಲೆಕ್ಕವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಲೇಬೇಡಿ. ರೋಗಿಯ ಮನಸ್ಸಿನ ಗುಟ್ಟು ಅದರಲ್ಲಿರುತ್ತದೆ. ಅಲ್ಲಿ ಮೂವತ್ತು ಮಂದಿ ವೈದ್ಯರಿರುತ್ತಾರೆ.

ಬರೆಯುತ್ತ ಕೂರಬಾರದ ಸಂದರ್ಭಗಳನ್ನು ಈಗಲೇ ಮನಸ್ಸಿನಲ್ಲಿಡಿ. ತಲೆನೋವು ಕ್ಷಣಕ್ಷಣಕ್ಕೆ ಏರುತ್ತಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದಂಥ ಜೊಂಪು ಹತ್ತಿದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಮಾತು ತೊದಲಿದರೆ, ಒಂದು ಕೈಯೋ ಕಾಲೋ ಸೋತರೆ, ಫಿಟ್ಸ್ ಬಂದರೆ, ಮೂಗು ಕಿವಿಗಳಿಂದ ನೀರಿನಂಥದು ಸೋರಿದರೆ, ಮನೆಯವರ ಗುರುತು ಹತ್ತದಿದ್ದರೆ, ಮೊಬೈಲಿನಲ್ಲಿ ಒತ್ತಬೇಕಾದದ್ದು 108. ಅಂಕ ಹಾಕುವುದಲ್ಲ. ವಯಸ್ಸಾದವರ ವಿಷಯದಲ್ಲಿ, ಅದರಲ್ಲಿಯೂ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರ ವಿಷಯದಲ್ಲಿ, ಬಚ್ಚಲಲ್ಲಿ ಜಾರಿ ಬಿದ್ದ ಸಣ್ಣ ಪೆಟ್ಟೂ ವಾರಗಳ ನಂತರ ತಲೆಯೊಳಗೆ ರಕ್ತ ಸೇರಿಸಿ ತೊಂದರೆ ಕೊಡಬಲ್ಲದು. "ಅಜ್ಜಿಗೆ ಈಚೆಗೆ ಮಂಕು" ಎಂದು ಸುಮ್ಮನಾಗದೆ ಡಾಕ್ಟರಿಗೆ ತೋರಿಸಿ. ಇನ್ನು, ಅಳು, ಬೇಸರಗಳ ಅಂಕ ದಿನದಿನಕ್ಕೆ ಏರುತ್ತಿದ್ದರೆ, ಬದುಕೇ ಬೇಡವೆಂಬ ಮಾತು ಬಂದರೆ, 14416ಕ್ಕೆ ಕರೆ ಮಾಡಿ. ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಈ ಸೇವೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಮುಖ್ಯ ಪಾತ್ರವಿದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರಿಗೆ ಮೇಷ್ಟರಾಗಿ ಒಂದು ಮಾತು. ಪೆಟ್ಟು ಬಿದ್ದ ಹುಡುಗನನ್ನು ಶಾಲೆಗೆ ಕಳುಹಿಸುವಾಗ ವಾರದ ಲೆಕ್ಕವನ್ನು ಕ್ಲಾಸ್ ಮೇಷ್ಟರಿಗೆ ತೋರಿಸಿ. ಹತ್ತು ನಿಮಿಷ ಓದಿದರೆ ಅಕ್ಷರ ಎರಡೆರಡಾಗಿ ಕಾಣುತ್ತದೆಂದು ಅದರಲ್ಲಿದ್ದರೆ, ಹುಡುಗ ಪುಸ್ತಕ ಮುಚ್ಚಿಟ್ಟುಕೊಂಡು ಕೂತದ್ದಕ್ಕೆ ಬೈಗುಳ ಬೀಳುವುದಿಲ್ಲ. ನಲವತ್ತೈದು ನಿಮಿಷದ ಪಾಠವನ್ನು ಎರಡು ಕಂತು ಮಾಡುವುದು, ಕಿಟಕಿಯ ಬಿಸಿಲಿನಿಂದ ದೂರ ಕೂರಿಸುವುದು, ಆಟದ ಬಯಲಿಗೆ ವೈದ್ಯರು ಹೇಳುವ ತನಕ ಬಿಡದಿರುವುದು, ಇವೆಲ್ಲ ನಮ್ಮ ಕೈಯಲ್ಲಿರುವ ಕೆಲಸಗಳೇ. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬೀಳುವುದು ಬಹಳ ಕೆಟ್ಟದ್ದು.

ವೈದ್ಯರ ಬಳಿಗೆ ಹೋಗುವ ಹಿಂದಿನ ದಿನ ಎಲ್ಲವನ್ನೂ ಒಂದು ಪುಟಕ್ಕೆ ಇಳಿಸಿಕೊಳ್ಳಿ. ಮೊಬೈಲನ್ನೇ ಅವರ ಮುಂದೆ ಹಿಡಿದು ಬೆರಳಿನಿಂದ ಸರಿಸುತ್ತ ಕೂತರೆ ನಿಮ್ಮ ಹತ್ತು ನಿಮಿಷ ಅದರಲ್ಲಿಯೇ ಮುಗಿದುಹೋಗುತ್ತದೆ. ಮೊದಲ ವಾರ ಎಷ್ಟು, ಈ ವಾರ ಎಷ್ಟು, ಯಾವಾಗ ಹೆಚ್ಚು, ಏನು ಮಾಡಿದರೆ ಕಡಿಮೆ, ಕೇಳಬೇಕಾದ ಎರಡು ಪ್ರಶ್ನೆ: ಇಷ್ಟಿದ್ದರೆ ಅವರು ಕೆಲಸ ಮುಂದುವರಿಸಬಲ್ಲರು.

ಮನೆಯಲ್ಲಿರುವುದು ಹಳೆಯ ಗುಂಡಿಯ ಮೊಬೈಲೆಂದು ಚಿಂತೆ ಬೇಡ. ಅದರಲ್ಲಿಯೂ ಅಲಾರಂ ಕೂಗುತ್ತದೆ. ಅದು ಕೂಗಿದಾಗ ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಬಳಿಗೆ ಹೋಗಿ, ಆ ದಿನದ ಮನೆಯಲ್ಲಿ, ಹಾಲಿನ ಲೆಕ್ಕದ ಪಕ್ಕಕ್ಕೆ, ಬೆಳಗಿನದೊಂದು ಅಂಕ, ಸಂಜೆಯದೊಂದು ಅಂಕ ಬರೆಯಿರಿ. ತಿಂಗಳು ಮುಗಿದ ಮೇಲೆ ಹಾಳೆಯನ್ನು ಹರಿದು ಮಡಿಚಿ ಆಸ್ಪತ್ರೆಯ ಚೀಲದಲ್ಲಿಟ್ಟುಕೊಳ್ಳಿ. ಹಾಲಿನವನ ಬಾಕಿಯನ್ನು ಮಾತ್ರ ಬೇರೆಡೆ ಬರೆದುಕೊಳ್ಳಲು ಮರೆಯಬೇಡಿ.